ತಿಜೋರಿಗೆ ಚಿಲ್ಲಾ

ಅವನು ತಿಜೋರಿಯ ಪಕ್ಕೆಗೆ ಕಿವಿಯಿಟ್ಟು, ಬೆರಳ ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿ, ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡ. ಡಾಕ್ಟರು ಹೀಗೆ ಕಣ್ಣು ಮುಚ್ಚಿದಾಗ ರೋಗಿಯ ಮನೆಯವರು ಏನು ಮಾಡುತ್ತಾರೋ ಸನೋಬರಳೂ ಅದನ್ನೇ ಮಾಡಿದಳು: ಉಸಿರು ಬಿಗಿಹಿಡಿದು ಅವನ ಮುಖ ಓದಲು ನೋಡಿದಳು. ಓದುವಂಥದ್ದು ಅಲ್ಲಿ ಹೆಚ್ಚೇನಿರಲಿಲ್ಲ. ಎಡಹುಬ್ಬಿಗೆ ಚಿಟಿಕೆಯಷ್ಟು ಒಣಗಾರೆ ಮೆತ್ತಿಕೊಂಡಿತ್ತು, ಅಷ್ಟೆ.

“ಎಷ್ಟು ವರ್ಷದಿಂದ ಬೂದಿ ಉದುರ್ತಾ ಇದೆ?” ಎಂದು ಕೇಳಿದ.

“ಬೂದಿಯಾ? ಅದು ಧೂಳು. ಬುಖಾರಾದಲ್ಲಿ ಧೂಳಿಲ್ಲದ ಮನೆ ಯಾವುದಿದೆ?”

“ದಿನಾ ಗುಡಿಸ್ತೀರಾ?”

“ದಿನಾ. ತಿಜೋರಿ ಕೆಳಗೆ ಬೆಕ್ಕು ಮಣ್ಣು ಕೆರೆಯುತ್ತೆ ಅಂತ ಅದಕ್ಕೆ ಬೈಕೊಂಡು ಗುಡಿಸ್ತೀನಿ.”

“ಹೋಗಿ ಬೆಕ್ಕಿನ ಹತ್ರ ಕ್ಷಮೆ ಕೇಳಿ. ನೀವು ಗುಡಿಸಿ ಗುಡಿಸಿ ತಿಜೋರಿಯ ಹೊಟ್ಟೇನೇ ಬೀದಿಗೆ ಎಸೆದಿದ್ದೀರಿ.”

ಅವನ ಹೆಸರು ಯೋದ್ಗೋರ್. ಬಜಾರಿನ ಕಮಾನಿನ ಕೆಳಗೆ ಬೀಗ, ತಿಜೋರಿ ರಿಪೇರಿ ಮಾಡುವವನು. ಕೆಲಸಕ್ಕಿಂತ ಬಾಯಿ ಚುರುಕು ಎಂದು ಅಕ್ಕಪಕ್ಕದ ಅಂಗಡಿಯವರು ಹೇಳುತ್ತಿದ್ದರು. ಕೆಲಸವೂ ಚುರುಕೆಂದು ಅವನೇ ಹೇಳುತ್ತಿದ್ದ.

“ಹಳೇ ತಿಜೋರಿ ಅಂದ್ರೆ ತಂದೂರಿನ ಸಂಸಾ ಇದ್ದ ಹಾಗೆ,” ಎಂದ. “ಹೊರಗೊಂದು ತಗಡು, ಒಳಗೊಂದು ತಗಡು, ನಡುವೆ ಹೂರಣ. ಬೆಂಕೀನ ತಡೆಯೋದು ಆ ಹೂರಣ. ಇದರ ಕೆಳಗಿನ ಅಂಚು ತುಕ್ಕು ತಿಂದು ಬಾಯ್ಬಿಟ್ಟಿದೆ, ಬೂದಿಯೆಲ್ಲ ಸೋರಿಹೋಗಿದೆ. ಈಗ ಇದು ತಿಜೋರಿ ಅಲ್ಲ, ಒಲೆ. ಹೊರಗೆ ಬೆಂಕಿ ಬಿದ್ರೆ ಒಳಗಿರೋದು ಹದವಾಗಿ ಬೇಯುತ್ತೆ.”

ಅವನು ತಮಾಷೆಗೆಂದು ಹೇಳಿದ. ಸನೋಬರ್ ಗೋಡೆ ಹಿಡಿದುಕೊಂಡಳು.

ಒಳಗಿದ್ದುದು ವಸಂತದಲ್ಲಿ ಮದುವೆಯಾಗಲಿರುವ ಹುಡುಗಿಯರ ನಿಲುವಂಗಿಗಳು. ಮಖಮಲ್ಲಿನ ಮೇಲೆ ಚಿನ್ನದ ಜರಿಯ ಕಸೂತಿ, ಸನೋಬರಳೂ ಅವಳ ಹತ್ತಿರ ಕೆಲಸ ಕಲಿಯುವ ಹುಡುಗಿಯರೂ ಮಾಡಿದ್ದು. ಒಂದೊಂದಕ್ಕೂ ಅರ್ಧ ಚಳಿಗಾಲ ತಿನ್ನುವ ಕೆಲಸ. ಹೋದ ತಿಂಗಳು ಎರಡು ಮನೆಯಾಚೆ ಜಮಖಾನೆ ವ್ಯಾಪಾರಿಯ ಉಗ್ರಾಣ ಹೊತ್ತಿ ಉರಿದಿತ್ತು. ಗ್ಯಾಸ್ ಸರಿಯಾಗಿ ಬರದ ಆ ಚಳಿಯಲ್ಲಿ ಇಡೀ ಓಣಿ ಕರೆಂಟಿನ ಹೀಟರಿಗೆ ಜೋತುಬಿದ್ದಿತ್ತು. ಗೋಡೆಯೊಳಗಿನ ತಂತಿಗಳಿಗೆ ಮಾತ್ರ ಅಜ್ಜಂದಿರ ವಯಸ್ಸು. ಅಂದಿನಿಂದ ಸನೋಬರಳಿಗೆ ಎಲ್ಲೆಲ್ಲೂ ಹೊಗೆಯ ವಾಸನೆ. ದಿಂಬಿನಲ್ಲಿ, ಚಹಾದಲ್ಲಿ, ತನ್ನದೇ ಜಡೆಯಲ್ಲಿ.

“ಸರಿ ಮಾಡೋಕಾಗುತ್ತಾ?”

“ಆಗುತ್ತೆ ಅಕ್ಕಾ.”

“ಅಕ್ಕಾ?” ಭಯದ ನಡುವೆಯೂ ಅದು ಚುಚ್ಚಿತು. “ನಿಮಗೆಷ್ಟು ವಯಸ್ಸು?”

“ಮೂವತ್ತಾರು.”

“ನನಗೆ ಮೂವತ್ತೊಂದು.”

“ತಪ್ಪಾಯ್ತು. ಹಾಗಾದ್ರೆ ತಂಗೀ ಅನ್ಲಾ?”

ಬುಖಾರಾದ ಗಂಡಸಿಗೆ ಪರರ ಮನೆಯ ಹೆಣ್ಣನ್ನು ಕರೆಯಲು ಇರುವುದು ಇವೆರಡೇ ದಾರಿ. ಅವನು ಎರಡನೆಯದನ್ನು ಹೇಳಿ ಮುಗಿಸುವಷ್ಟರಲ್ಲಿ ಅವಳು ತಲೆಯೆತ್ತಿದಳು. ಅವನ ಕಣ್ಣು ಮೊದಲು ಅವಳ ಕಣ್ಣಿಗೆ ತಾಗಿ, ಬಿಸಿ ಪಾತ್ರೆ ಮುಟ್ಟಿದವರಂತೆ ಸರಕ್ಕನೆ ಹಿಂದೆ ಸರಿದು, ಆಮೇಲೆ ಮೆಲ್ಲಗೆ ಮತ್ತೆ ಬಂತು. ಅಣ್ಣಂದಿರು ಹಾಗೆ ನೋಡುವುದಿಲ್ಲವೆಂದು ಇಬ್ಬರಿಗೂ ಒಟ್ಟಿಗೇ ಹೊಳೆದಿರಬೇಕು.

“ಅದೂ ಬೇಡ,” ಎಂದಳು.

“ಮತ್ತೇನಂತ ಕರೀಲಿ?”

“ಕರೀಲೇಬೇಡಿ. ಕೆಲಸ ಮಾಡಿ.”

ನಿಲುವಂಗಿಗಳು ಮರದ ಪೆಟ್ಟಿಗೆಗೆ ಹೋದವು. ಯೋದ್ಗೋರ್ ಮರುದಿನವೇ ಬಂದು ತಿಜೋರಿಯ ಒಳತಗಡು ಬಿಚ್ಚಿದ.

ಬಾಗಿಲ ಪದರದೊಳಗೆ ಬೂದಿಯ ಜೊತೆ ನಾರುನಾರಾದ ಒಂದು ಹಲಗೆಯೂ ಇತ್ತು. ಅದನ್ನು ಕಂಡದ್ದೇ ಅವನ ಮಾತು ನಿಂತಿತು. ಅವನ ಮಾತು ನಿಂತದ್ದು ಸನೋಬರ್ ಅದೇ ಮೊದಲು ಕೇಳಿದ್ದು.

“ಎಲ್ಲರೂ ಆಚೆ ಹೋಗಿ,” ಎಂದ. “ಇದು ಕಲ್ನಾರು. ಬೆಂಕಿಗೂ ಹೆದರಲ್ಲ, ಯಾರಿಗೂ ಹೆದರಲ್ಲ. ಇದರ ಧೂಳು ಎದೆಗೆ ಹೋದ್ರೆ ಮತ್ತೆ ಆಚೆ ಬರಲ್ಲ.”

ಮುಖವಾಡ ಕಟ್ಟಿ, ಅದರ ಮೇಲೆ ಒದ್ದೆಬಟ್ಟೆ ಸುತ್ತಿ, ನಾರಿಗೆ ನೀರು ಚಿಮುಕಿಸುತ್ತಾ ಅವನು ಒಂದೊಂದೇ ತುಂಡನ್ನು ಚೀಲಕ್ಕೆ ತುಂಬತೊಡಗಿದ. ಸನೋಬರ್ ಅಂಗಳದ ಕಿಟಕಿಯಾಚೆ ಕಸೂತಿ ಹಿಡಿದು ಕೂತಳು. ಬಟ್ಟೆಯ ಮೇಲೆ ಉಳಿದಿದ್ದುದು ಅವನ ಕಣ್ಣುಗಳು ಮಾತ್ರ, ಮತ್ತು ಗಾರೆ ಮೆತ್ತಿದ ಆ ಹುಬ್ಬು. ಎಷ್ಟು ಉದ್ದದ ರೆಪ್ಪೆಗಳು ಎಂದು ಅವಳು ಯೋಚಿಸುತ್ತಿರುವಾಗಲೇ ಅವನು ಕೆಮ್ಮಿದ.

ಒಂದೇ ಕೆಮ್ಮು. ಸೂಜಿ ಅವಳ ಬೆರಳೊಳಕ್ಕೆ ಹೋಯಿತು.

ಇಷ್ಟು ದಿನ ಅವಳ ಭಯಕ್ಕೆ ಒಂದು ವಿಳಾಸವಿತ್ತು: ಗೋಡೆಯ ತಂತಿ, ಹೀಟರು, ಮರದ ತೊಲೆ. ಈಗ ಅದು ಕಿಟಕಿ ದಾಟಿ ಹೋಗಿ ಪರಗಂಡಸಿನ ಎದೆಗೂಡಿನಲ್ಲಿ ಮನೆ ಮಾಡಿತು. ಇದಕ್ಕೆ ಏನೆನ್ನುತ್ತಾರೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದ ಇನ್ನಷ್ಟು ಹೆದರಿದಳು.

ಅವನು ಹೊರಬಂದು ಕೈಕಾಲು ತೊಳೆದ ಮೇಲೆ ಕೇಳಿದಳು, “ಕೆಮ್ಮಿದ್ರಲ್ಲ?”

“ನಿಮ್ಮ ಚಿಕ್ಕಮ್ಮ ದೃಷ್ಟಿ ತೆಗೆಯೋಕೆ ಅಂತ ಹಾಕಿದಾರಲ್ಲ ಸೊಪ್ಪಿನ ಹೊಗೆ, ಅದಕ್ಕೆ. ಕಲ್ನಾರಿನಿಂದ ಬಚಾವಾದೋನು ಹೊಗೆಯಿಂದ ಸಾಯ್ತಿದ್ದೆ.” ಆಮೇಲೆ ಅವಳ ಬೆರಳಿನ ರಕ್ತ ಕಂಡು, “ಕೆಮ್ಮಿದ್ದು ನಾನು, ಗಾಯ ಮಾಡ್ಕೊಂಡಿದ್ದು ನೀವಾ?” ಎಂದ.

ಅವಳು ಬೆರಳನ್ನು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ಮಾತಾಡದಿರಲು ಅದೊಂದು ಒಳ್ಳೆಯ ನೆವ.

ಹೊಸ ಹೂರಣ ಕಲಸುವ ದಿನ ಕಸೂತಿ ಕಲಿಯುವ ಹುಡುಗಿಯರೆಲ್ಲ ಸುತ್ತ ನಿಂತರು. ಬಿಳಿ ಗಾರೆ, ಪಟಿಕದ ಪುಡಿ, ಗರಗಸದ ಹುಡಿ. ಸನೋಬರಳ ಚಿಕ್ಕಮ್ಮ ಅದೋಲತ್ ಬಗ್ಗಿ ನೋಡಿ, “ಇದಕ್ಕೆ ಜೀರಿಗೆ ಹಾಕಲ್ವೇನಪ್ಪಾ?” ಎಂದಳು.

“ಮುಂದಿನ ಸಲ ಖಂಡಿತ. ನೋಡಿ, ಗಾರೆ ಗಟ್ಟಿಯಾದ್ರೂ ಅದರ ಹೊಟ್ಟೇಲಿ ನೀರು ಅಡಗಿ ಕೂತಿರುತ್ತೆ. ಹೊರಗೆ ಬೆಂಕಿ ಬಿದ್ದಾಗ ಅದು ಬೆವರುತ್ತೆ. ಅದು ಬೆವರ್ತಾ ಇರೋ ತನಕ ಒಳಗಿರೋದು ತಣ್ಣಗೆ.”

“ಹೆದರಿ ಬೆವರುತ್ತೆ ಅನ್ನಿ,” ಎಂದಳು ಸನೋಬರ್.

“ಹೆದರಿಕೊಂಡೇ ಕಾಯುತ್ತೆ,” ಎಂದು ಅವನು ಅವಳನ್ನೇ ನೋಡುತ್ತಾ ಹೇಳಿದ. ಹುಡುಗಿಯರಲ್ಲಿ ಯಾರೋ ಕಿಸಕ್ಕೆಂದರು.

ಬಾಗಿಲ ಸಂದುಗಳಿಗೆ ಅವನ ದಪ್ಪ ಬೆರಳು ಹೋಗುತ್ತಿರಲಿಲ್ಲ. ಸನೋಬರ್ ಅಂಗಿಯ ತೋಳು ಮಡಚಿ ಕೂತು ಗಾರೆ ಒತ್ತಿದಳು. ಗಾರೆ ಗಟ್ಟಿಯಾಗುವಾಗ ಬೆಚ್ಚಗಾಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. “ಬಿಸಿಯಾಗ್ತಿದೆ!” ಎಂದು ಕೈ ಎಳೆದುಕೊಂಡಳು. “ಹೆದರಬೇಡಿ, ಅದರ ಸ್ವಭಾವ,” ಎಂದ ಅವನು, ಅವಳಿಗೆ ಮಾತ್ರ ಕೇಳುವಷ್ಟು ಸಣ್ಣಗೆ. ಅಗತ್ಯವಿಲ್ಲದಷ್ಟು ಸಣ್ಣಗೆ.

ಕೆಲಸ ಮುಗಿದ ಮೇಲೆ ತಿಜೋರಿಯೊಳಗೆ ಒಂದು ಸಣ್ಣ ಬಲ್ಬು ಇಳಿಬಿಟ್ಟ. “ಮೇಲಿನ ತೇವ ಹೋಗಬೇಕು. ಅವಸರಪಟ್ಟು ಕಾಯಿಸಿದ್ರೆ ಒಳಗಿನ ನೀರೂ ಹೋಗಿ ಎಲ್ಲ ಕೆಡುತ್ತೆ. ಹಸಿಯಾಗಿಯೇ ಮುಚ್ಚಿದ್ರೆ ನಿಮ್ಮ ಜರಿಯೆಲ್ಲ ಕಪ್ಪಾಗುತ್ತೆ. ಬಾಗಿಲು ಓರೆ ಮಾಡಿ, ದೀಪ ಆರಿಸದೆ, ಅಲುಗಿಸದೆ ಬಿಡಿ. ಇದಕ್ಕೂ ಒಂದು ಚಿಲ್ಲಾ ಅನ್ಕೊಳ್ಳಿ. ನಾನು ದಿನಾ ಬಂದು ನೋಡಿ ಹೋಗ್ತೀನಿ.”

ಚಿಲ್ಲಾ ಎಂದರೆ ಆ ಊರಲ್ಲಿ ಎರಡೇ ಮನೆಗಳ ಮಾತು: ಹೊಸ ಮದುಮಗಳು ಕಾಲಿಟ್ಟ ಮನೆ, ಇಲ್ಲವೇ ಕೂಸು ಹುಟ್ಟಿದ ಮನೆ. ನಲವತ್ತು ದಿನ ದೀಪ ಆರಬಾರದು, ಒಂಟಿಯಾಗಿ ಬಿಡಬಾರದು, ಕಣ್ಣು ತಾಗಬಾರದು. ಯೋದ್ಗೋರ್ ಮಾತಿನ ಚಂದಕ್ಕೆಂದು ಆ ಶಬ್ದ ಬಳಸಿದ. ಅದೋಲತ್ ಚಿಕ್ಕಮ್ಮ ಮಾತಿನ ಚಂದವನ್ನು ಅಷ್ಟಾಗಿ ಹಚ್ಚಿಕೊಂಡವಳಲ್ಲ. ಚಿಲ್ಲಾ ಎಂದರೆ ಚಿಲ್ಲಾ. ಅಂದೇ ತಿಜೋರಿಗೆ ಹತ್ತಿಯ ರಜಾಯಿ ಹೊದಿಸಿ, ಹಿಡಿಗೆ ಒಣಮೆಣಸಿನ ಸರ ಕಟ್ಟಿ, ನೀಲಿ ಮಣಿ ತೂಗುಹಾಕಿದಳು.

ಹಸಿ ಆರಿದೆಯೇ ಎಂದು ನೋಡಲು ಯೋದ್ಗೋರ್ ಒಂದು ಅಂಗೈಯಗಲದ ಕನ್ನಡಿ ಕೊಟ್ಟಿದ್ದ. ಅದನ್ನು ತಿಜೋರಿಯೊಳಗಿಟ್ಟು ಬಾಗಿಲು ಮುಚ್ಚಿ, ಒಂದೆರಡು ಬಟ್ಟಲು ಚಹಾ ಕುಡಿಯುವಷ್ಟು ಹೊತ್ತು ಬಿಟ್ಟು ತೆಗೆಯಬೇಕು. ಕನ್ನಡಿ ಮಂಜಾಗಿದ್ದರೆ ಇನ್ನೂ ಹಸಿ.

ಚಹಾ ಕುಡಿಯುವಷ್ಟು ಹೊತ್ತು ಎಂದರೆ ಎಷ್ಟು ಹೊತ್ತು? ಆ ಊರಲ್ಲಿ ಬಟ್ಟಲು ತುಂಬಿಸಿ ಕೊಟ್ಟರೆ ಕುಡಿದು ಹೊರಡಿ ಎಂದರ್ಥ; ತಳದಲ್ಲಿ ಒಂದಿಷ್ಟು ಹಾಕಿ ಮತ್ತೆ ಮತ್ತೆ ಕೊಟ್ಟರೆ ಇರಿ ಎಂದರ್ಥ. ಸನೋಬರ್ ಸುರಿಯುವ ಚಹಾ ದಿನದಿನಕ್ಕೆ ಕಮ್ಮಿಯಾಗುತ್ತಾ ಬಂತು.

“ಇವತ್ತು ಬಟ್ಟಲು ಬರೀ ಒದ್ದೆಯಾಗಿದೆ,” ಎಂದ ಒಮ್ಮೆ, ತಳವನ್ನು ಬೆಳಕಿಗೆ ಹಿಡಿದು.

“ಚಹಾಪುಡಿ ದುಬಾರಿ.”

“ನೀರೂ ದುಬಾರೀನಾ?”

“ಬೇಡ ಅಂದ್ರೆ ತುಂಬಿಸಿ ಕೊಡ್ತೀನಿ.”

“ಅಯ್ಯೋ, ಬೇಡ ಬೇಡ!” ಎಂದು ಬಟ್ಟಲನ್ನು ಎದೆಗೆ ಅವಚಿಕೊಂಡ. ಗೋಡೆಬದಿಯಲ್ಲಿ ಜಪಮಣಿ ಎಣಿಸುತ್ತಿದ್ದ ಚಿಕ್ಕಮ್ಮ ಒಂದು ಮಣಿಯನ್ನು ಎರಡು ಸಲ ಎಣಿಸಿದಳು.

ಹಾಗೆ ಕೂತಿರುವಾಗಲೇ ಅವನ ಕಥೆ ತುಣುಕು ತುಣುಕಾಗಿ ತಿಳಿಯಿತು. ತಂದೆ ತೀರಿದ ಮೇಲೆ ಹುಟ್ಟಿದವನು. ಅದಕ್ಕೇ ನೆನಪು ಎಂದು ಅರ್ಥ ಬರುವ ಹೆಸರು. ತಾಯಿಯೂ ಈಗಿಲ್ಲ. ಹೆಂಡತಿ ಮಾಸ್ಕೋಗೆ ದುಡಿಯಲು ಹೋಗಿ ಮೊದಲ ವರ್ಷ ಉಣ್ಣೆಯ ಬೂಟು ಕಳಿಸಿದಳು, ಎರಡನೇ ವರ್ಷ ವಿಚ್ಛೇದನ. “ಬೂಟು ಚೆನ್ನಾಗಿದ್ವು,” ಎಂದ. ನಗಲೋ ಬೇಡವೋ ತಿಳಿಯದೆ ಸನೋಬರ್ ಇನ್ನೊಂದು ಗುಟುಕು ಚಹಾ ಹಾಕಿದಳು.

ಮೂರನೇ ವಾರದಲ್ಲಿ ಒಂದು ಬೆಳಿಗ್ಗೆ, ಅವನು ಅಂಗಳದಲ್ಲಿ ಬೂಟು ಬಿಚ್ಚುತ್ತಿರುವಾಗ ಅವಳು ಕನ್ನಡಿ ತೆಗೆದಳು. ಕನ್ನಡಿ ತಿಳಿಯಾಗಿತ್ತು. ಒಂದು ಹನಿಯಿಲ್ಲ. ಅದರಲ್ಲಿ ತನ್ನದೇ ಮುಖ ಕಂಡಿತು, ಆ ಮುಖ ಬೆದರಿತ್ತು.

ಮುಗಿಯಿತು. ಬಲ್ಬು ತೆಗೆದು, ನಿಲುವಂಗಿಗಳನ್ನು ಒಳಗಿಟ್ಟು, ಬಾಗಿಲು ಮುಚ್ಚಿ, ‘ಉಸ್ತಾದರೇ, ತುಂಬ ಉಪಕಾರವಾಯಿತು’ ಎನ್ನುವುದೊಂದೇ ಬಾಕಿ. ನಾಳೆಯಿಂದ ಅವನಿಗೆ ಈ ಬಾಗಿಲು ತಟ್ಟಲು ಕಾರಣವಿಲ್ಲ. ಕಾರಣವಿಲ್ಲದೆ ತಟ್ಟಲು ಆ ಮೊಹಲ್ಲಾ ಬಿಡುವುದಿಲ್ಲ.

ಅವನ ಹೆಜ್ಜೆ ಹೊಸ್ತಿಲಿಗೆ ಬಂತು. ಅವಳು ಅವನಿಗೆ ಬೆನ್ನು ಮಾಡಿ ಬಗ್ಗಿ, ಕನ್ನಡಿಯ ಮೇಲೆ ಮೆಲ್ಲಗೆ ಉಸಿರು ಬಿಟ್ಟು, ತಿರುಗಿ ಹಿಡಿದಳು.

“ಇನ್ನೂ ಹಸಿ,” ಎಂದಳು.

ಯೋದ್ಗೋರ್ ಕನ್ನಡಿಯನ್ನು ನೋಡಿದ. ಮಂಜು ಪೂರ್ತಿ ಮಾಯವಾಗುವವರೆಗೂ ನೋಡುತ್ತಲೇ ಇದ್ದ. “ಹೌದು,” ಎಂದ ಕೊನೆಗೆ. “ಹಸಿ. ನಾಳೆ ಬರ್ತೀನಿ.”

ಮರುದಿನವೂ ಉಸಿರು ಬಿಟ್ಟಳು. ಅದರ ಮರುದಿನವೂ.

ಅದೇ ವಾರ ಒಂದು ಮಧ್ಯಾಹ್ನ, ಹುಡುಗಿಯರು ಕಸೂತಿಗೆ ಕೂತಿದ್ದಾಗ, ಹೀಟರಿನ ಪ್ಲಗ್ಗು ಟಪ್ಪೆಂದು ಸಿಡಿಯಿತು. ಗೋಡೆಯ ಮೇಲೆ ಬೆಂಕಿ ಒಮ್ಮೆ ನಾಲಿಗೆ ಚಾಚಿತು. ಹುಡುಗಿಯರು ಚೀರಿದರು. ಸನೋಬರ್ ತಿಜೋರಿಯ ರಜಾಯಿ ಕಿತ್ತುಕೊಂಡು ಗೋಡೆಗೆ ಬಡಿದಳು, ಬಡಿಯುತ್ತಲೇ ಇದ್ದಳು, ಬೆಂಕಿ ಸತ್ತು ಎಷ್ಟೋ ಹೊತ್ತಾದ ಮೇಲೆ ಚಿಕ್ಕಮ್ಮ ಕೈ ಹಿಡಿದು ನಿಲ್ಲಿಸುವವರೆಗೂ.

ಕಪ್ಪು ಕಲೆಯ ಪಕ್ಕದಲ್ಲಿ, ಒಂದು ಗೇಣು ಈಚೆಗೆ, ನಿಲುವಂಗಿಗಳ ಮರದ ಪೆಟ್ಟಿಗೆಯಿತ್ತು. ನಾಲ್ಕು ಹೆಜ್ಜೆಯಾಚೆ ತಿಜೋರಿ, ಒಣಗಿ ಸಿದ್ಧವಾಗಿ, ಬಾಗಿಲು ತೆರೆದುಕೊಂಡು, ಹೊಟ್ಟೆ ಖಾಲಿ ಇಟ್ಟುಕೊಂಡು ಕೂತಿತ್ತು.

ಯಾರೋ ತಾಯಂದಿರು ನಂಬಿ ಕೊಟ್ಟ ಮದುವೆ ಬಟ್ಟೆಯನ್ನು, ಒಬ್ಬ ಗಂಡಸಿಗೆ ಚಹಾ ಕೊಡುವ ಆಸೆಗೆ ಬೆಂಕಿಯ ಬಾಯಲ್ಲಿ ಇಟ್ಟಿದ್ದೇನೆ. ಸನೋಬರಳಿಗೆ ತನ್ನ ಬಗ್ಗೆಯೇ ಭಯವಾಯಿತು. ನಾಳೆ ಹೇಳಿಬಿಡುತ್ತೇನೆ ಎಂದುಕೊಂಡಳು. ಮರುದಿನ ಅವನು ಚಳಿಗೆ ಕೆಂಪಾದ ಕಿವಿಗಳನ್ನು ಉಜ್ಜಿಕೊಳ್ಳುತ್ತಾ ಬಂದ. ಅವಳು ಬಗ್ಗಿ, ಕಣ್ಣು ಮುಚ್ಚಿ, ಮತ್ತೆ ಉಸಿರು ಬಿಟ್ಟಳು. ಪೆಟ್ಟಿಗೆಯನ್ನು ಮಾತ್ರ ಇನ್ನೊಂದು ಗೋಡೆಗೆ ಸರಿಸಿದ್ದಳು. ಇದರಿಂದ ಮನಸ್ಸಿಗೆ ಏನೂ ಸಮಾಧಾನವಾಗಲಿಲ್ಲ.

ಎರಡು ದಿನ ಕಳೆದು ಪಕ್ಕದ ಬೀದಿಯ ರೊಟ್ಟಿಯಂಗಡಿಯ ಮಸ್ತೂರಾ ಬಂದಳು. ಕೈಯಲ್ಲಿ ಬಿಸಿ ರೊಟ್ಟಿಗಳ ಗಂಟು, ಕಂಕುಳಲ್ಲಿ ಇನ್ನೊಂದು ಗಂಟು. ಎರಡನೆಯದನ್ನು ಬಿಚ್ಚಿದರೆ ಎಳೆಕೂಸಿನ ಟೊಪ್ಪಿಗೆಗಳು.

“ಯಾವುದಮ್ಮಾ? ಗಂಡಾ, ಹೆಣ್ಣಾ?” ಎಂದಳು, ಅಂಗಳದಾಚೆ ಇಣುಕುತ್ತಾ.

“ಏನು ಯಾವುದು?”

“ಅಯ್ಯೋ, ನನ್ನ ಹತ್ರ ಮುಚ್ಚಿಡ್ತೀಯಾ? ಆ ಬೀಗದ ಯೋದ್ಗೋರ್ ತಂದೂರಿನ ಸಾಲಲ್ಲಿ ನಿಂತು ಅವನೇ ಬಾಯಾರೆ ಹೇಳಿದ. ಯಾಕಪ್ಪಾ ದಿನಾ ಆ ಕಡೆ ಓಡ್ತೀಯ ಅಂತ ಯಾರೋ ಕೇಳಿದ್ರೆ, ‘ಸನೋಬರ್ ಮನೇಲಿ ಚಿಲ್ಲಾ ನಡೀತಿದೆ, ಒಂಟಿಯಾಗಿ ಬಿಡೋ ಹಾಗಿಲ್ಲ, ದಿನಾ ಹೋಗಿ ನೋಡ್ಬೇಕು’ ಅಂದ. ಸಾಲಿಗೆ ಸಾಲೇ ಕೇಳಿಸ್ಕೊಂಡಿದೆ. ನಿಕಾ ಆಗಿದ್ರೆ ಸರಿ, ಸದ್ದಿಲ್ಲದೆ ಮಾಡ್ಕೊಂಡ್ರಿ ಅನ್ಕೋತೀವಿ. ಆಗಿಲ್ಲ ಅಂದ್ರೆ...” ಅವಳು ಟೊಪ್ಪಿಗೆಗಳನ್ನು ಒಂದರ ಮೇಲೊಂದು ಜೋಡಿಸಿಟ್ಟಳು.

“ತಿಜೋರಿ,” ಎಂದಳು ಸನೋಬರ್. “ಚಿಲ್ಲಾ ಇರೋದು ತಿಜೋರಿಗೆ.”

ಮಸ್ತೂರಾ ಅವಳನ್ನು ಬಹಳ ಕನಿಕರದಿಂದ ನೋಡಿದಳು. ಇದಕ್ಕಿಂತ ಒಳ್ಳೆಯ ಸುಳ್ಳು ಹೇಳಬಹುದಿತ್ತು ಎಂಬಂತಿತ್ತು ಆ ನೋಟ.

ಮರುದಿನ ಹುಡುಗಿಯರಲ್ಲಿ ಅರ್ಧ ಬರಲಿಲ್ಲ. ಚಿಲ್ಲಾ ತಿಜೋರಿಗೆಂದು ಅವರು ಹೇಳಿದ್ದನ್ನು ತಾಯಂದಿರೂ ನಂಬಿರಲಿಲ್ಲ. ಅದರ ಮರುದಿನ ಯಾರೂ ಬರಲಿಲ್ಲ. ಖಾಲಿ ಕಸೂತಿ ಚೌಕಟ್ಟುಗಳ ನಡುವೆ ಸನೋಬರ್ ಒಬ್ಬಳೇ ಕೂತು ಒಂದೇ ಎಲೆಯನ್ನು ಹೊಲಿದು ಬಿಚ್ಚಿ ಹೊಲಿದಳು. ಹಿಂದಿನ ಬೀದಿಯಲ್ಲಿ ಇನ್ನೊಬ್ಬಳು ಕಸೂತಿಯವಳಿದ್ದಳು. ಫೋನಿನಲ್ಲಿ ಯಾರೊಡನೆಯೋ ನಗುತ್ತಾ ಮಾತಾಡಿದ್ದನ್ನು ಒಬ್ಬ ತಾಯಿ ಕೇಳಿಸಿಕೊಂಡಳು, ಅಷ್ಟೆ. ಅವಳೀಗ ತಾಷ್ಕೆಂಟಿನಲ್ಲಿ ಯಾರದೋ ಹೋಟೆಲಿನಲ್ಲಿ ಹಾಸಿಗೆ ಬದಲಿಸುತ್ತಾಳೆ. ಹೆಸರು ಹೋದರೆ ಈ ಮನೆಗೆ ಹುಡುಗಿಯರಿಲ್ಲ, ಹುಡುಗಿಯರಿಲ್ಲದಿದ್ದರೆ ಕಸೂತಿಯಿಲ್ಲ, ಕಸೂತಿಯಿಲ್ಲದಿದ್ದರೆ ಸನೋಬರ್ ಎನ್ನುವವಳು ಏನೆಂದು ಅವಳಿಗೇ ಗೊತ್ತಿಲ್ಲ.

ಮಧ್ಯಾಹ್ನ ಹೇಳಿಕಳಿಸಿದರು: ನಮಾಜು ಮುಗಿಸಿ ಬಿಳಿಗಡ್ಡ ಬರುತ್ತಾರೆ.

ಮೊಹಲ್ಲಾದ ಮುಖ್ಯಸ್ಥನನ್ನು ಅಲ್ಲಿ ಬಿಳಿಗಡ್ಡ ಎನ್ನುತ್ತಾರೆ. ನೇಮತ್ ಎಂಬ ಈ ಬಿಳಿಗಡ್ಡರು ಗಡ್ಡ ಬೋಳಿಸಿ ಕೂದಲಿಗೆ ಕಪ್ಪು ಹಚ್ಚುತ್ತಿದ್ದರು. ಹುದ್ದೆಗೆ ಅದರಿಂದ ಬಾಧಕವಿರಲಿಲ್ಲ. ಅವರ ಹಿಂದೆ ಮಸ್ತೂರಾ, ಮಸ್ತೂರಾಳ ಹಿಂದೆ ಹುಡುಗಿಯರ ತಾಯಂದಿರು, ಎಲ್ಲರ ಹಿಂದೆ, ಮುಖದಲ್ಲಿ ರಕ್ತವಿಲ್ಲದ ಯೋದ್ಗೋರ್.

“ಮಗಳೇ,” ಎಂದರು ನೇಮತ್, ನೆಲ ನೋಡುತ್ತಾ. “ಚಿಲ್ಲಾದಲ್ಲಿರೋರನ್ನ ನೋಡಬೇಕು.”

ಸನೋಬರ್ ಹಿಂದಿನ ಕೋಣೆಯ ಬಾಗಿಲು ತೆರೆದಳು.

ಅಲ್ಲಿ, ಅಂಚು ಸುಟ್ಟ ರಜಾಯಿ ಹೊದ್ದು, ಮೆಣಸಿನ ಸರ ಧರಿಸಿ, ನೀಲಿ ಮಣಿ ತೂಗಿಸಿಕೊಂಡು, ಹೊಟ್ಟೆಯೊಳಗೊಂದು ಸಣ್ಣ ದೀಪ ಉರಿಸಿಕೊಂಡು ತಿಜೋರಿ ಕೂತಿತ್ತು. ಅದೋಲತ್ ಚಿಕ್ಕಮ್ಮ ಪಕ್ಕದಲ್ಲೇ ಕೂತು ಸೊಪ್ಪಿನ ಹೊಗೆ ಹಾಕುತ್ತಿದ್ದಳು. ಜನ ನೋಡಿದ್ದೇ, “ಎಲ್ಲ ಒಟ್ಟಿಗೆ ನುಗ್ಗಬೇಡಿ, ಕಣ್ಣು ತಾಗುತ್ತೆ,” ಎಂದು ಗದರಿದಳು.

ಆಮೇಲೆ ನೇಮತ್ ಅವರ ಭುಜ ಅಲುಗತೊಡಗಿತು. “ಗಂಡೇ ಇರಬೇಕು,” ಎಂದರು. “ತೂಕ ನೋಡಿದ್ರೆ.”

ನಗು ಅಂಗಳದವರೆಗೂ ಹೋಯಿತು. ನಗದೆ ಇದ್ದವಳು ಮಸ್ತೂರಾ ಒಬ್ಬಳೇ. ಕೂಸಿನ ಟೊಪ್ಪಿಗೆ ತಂದು ಮೋಸಹೋದವಳಿಗೆ ಅದು ಸುಲಭವಲ್ಲ.

“ಸರಿ, ಕಬ್ಬಿಣದ ಕೂಸು,” ಎಂದಳು. “ಆದ್ರೆ ಗಾರೆ ಒಣಗೋಕೆ ಇಷ್ಟು ದಿನ ಬೇಕಾ? ಗಂಡಸು ದಿನಾ ಬಂದು ಕೂರಬೇಕಾ?”

“ಬೇಕು ಕಣೇ,” ಎಂದಳು ಚಿಕ್ಕಮ್ಮ, ಯಾವ ಕೆಟ್ಟ ಯೋಚನೆಯೂ ಇಲ್ಲದೆ. “ಕನ್ನಡಿ ಮಂಜಾಗ್ತಾ ಇರೋವರೆಗೂ ಹಸಿ ಅಂತ ಲೆಕ್ಕ. ನಿನ್ನೇನೂ ಮಂಜಾಗಿತ್ತು. ಬೆಳಿಗ್ಗೆಯಿಂದ ಒಳಗೇ ಇದೆ, ನೀನೇ ತೆಗೆದು ನೋಡು.”

ಸನೋಬರ್ “ಬೇಡ” ಎನ್ನುವಷ್ಟರಲ್ಲಿ ಮಸ್ತೂರಾ ಕೈ ಹಾಕಿಯಾಗಿತ್ತು. ಕನ್ನಡಿಯನ್ನು ತೆಗೆದು, ತಿರುಗಿಸಿ, ಎಲ್ಲರಿಗೂ ತೋರಿಸಿದಳು. ಕೋಣೆಯಲ್ಲಿದ್ದವರ ಮುಖಗಳೆಲ್ಲ ಅದರಲ್ಲಿ ಒಂದೊಂದಾಗಿ, ಸ್ಫುಟವಾಗಿ ಕಂಡವು.

ನಗು ನಿಂತಿತು.

ನೇಮತ್ ಮುಂದೆ ಬಂದು ತಿಜೋರಿಯೊಳಗೆ ಅಂಗೈಯಿಟ್ಟರು. ಹಿಡಿದರು, ಯೋಚಿಸಿದರು, ತೆಗೆದರು. “ಇದು ಒಣಗಿ ಎಷ್ಟೋ ದಿನ ಆಗಿದೆ. ಏನಪ್ಪಾ ಯೋದ್ಗೋರ್?”

ಯೋದ್ಗೋರ್ ಸನೋಬರಳತ್ತ ನೋಡಲಿಲ್ಲ. ನೋಡದಿರಲು ಎಷ್ಟು ಕಷ್ಟಪಡುತ್ತಿದ್ದಾನೆಂದು ಅವನ ಕತ್ತಿನ ನರ ಹೇಳುತ್ತಿತ್ತು. “ನನ್ನ ತಪ್ಪು,” ಎಂದ. “ನನಗೆ ಸರಿಯಾಗಿ ಗೊತ್ತಾಗಲಿಲ್ಲ. ಗಾರೆ ಕೆಲಸ ನನಗೆ ಅಷ್ಟು ಬರಲ್ಲ.”

ಬಜಾರಿನಲ್ಲಿ ದಿನಕ್ಕೆ ಹತ್ತು ಸಲ ತನ್ನ ಕೆಲಸವನ್ನು ಹೊಗಳಿಕೊಳ್ಳುವ ಮನುಷ್ಯ! ನಾಳೆಯಿಂದ ಅವನಿಗೆ ಯಾರು ಕೆಲಸ ಕೊಡುತ್ತಾರೆ? ಸುಮ್ಮನಿದ್ದರೆ ನಾನು ಉಳಿಯುತ್ತೇನೆ. ತಾಯಂದಿರೆಲ್ಲ ಇಲ್ಲೇ ನಿಂತಿದ್ದಾರೆ. ಒಂದು ಮಾತು ಆಡಿದರೆ ಎಲ್ಲ ಮುಗಿಯುತ್ತದೆ. ಸುಮ್ಮನಿರು, ಸುಮ್ಮನಿರು.

“ಅವರಿಗೆ ಕೆಲಸ ಬರುತ್ತೆ,” ಎಂದಳು. ದನಿ ತನ್ನದಲ್ಲವೆಂಬಂತೆ ತೆಳ್ಳಗಿತ್ತು. “ಸುಳ್ಳು ಹೇಳಿದ್ದು ನಾನು. ಅವರು ಬರೋ ಹೊತ್ತಿಗೆ ಕನ್ನಡಿ ಮೇಲೆ ನಾನೇ ಉಸಿರು ಬಿಡ್ತಿದ್ದೆ.”

“ಯಾಕೆ?” ಎಂದಳು ಮಸ್ತೂರಾ. ಒಬ್ಬಳು ತಾಯಿ ಅವಳ ಪಕ್ಕೆಗೆ ಮೊಣಕೈಯಿಂದ ತಿವಿದಳು. ಯಾಕೆಂದು ಆ ಕೋಣೆಯಲ್ಲಿ ತಿಳಿಯದವರು ಮಸ್ತೂರಾ ಮತ್ತು ತಿಜೋರಿ ಇಬ್ಬರೇ.

“ನನಗೂ ಗೊತ್ತಿತ್ತು,” ಎಂದ ಯೋದ್ಗೋರ್.

ಸನೋಬರ್ ಸರಕ್ಕನೆ ತಿರುಗಿದಳು. “ಏನು ಗೊತ್ತಿತ್ತು?”

“ಗಾರೆಯ ತೇವ ಕನ್ನಡಿಗೆ ಅಂಚಿನಿಂದ ಅಂಚಿಗೆ ಹಿಡಿಯುತ್ತೆ. ನಿಮ್ಮದು ನಡೂಮಧ್ಯೆ, ಗುಂಡಗೆ, ಇಷ್ಟೇ ಇಷ್ಟು.” ಅವನು ಹೆಬ್ಬೆರಳು ತೋರುಬೆರಳು ಸೇರಿಸಿ ಒಂದು ಸಣ್ಣ ವೃತ್ತ ಮಾಡಿದ. “ಮೊದಲನೇ ದಿನಾನೇ ಗೊತ್ತಾಯ್ತು. ಹೇಳಿದ್ರೆ ನೀವು ನಿಲ್ಲಿಸಿಬಿಡ್ತೀರಿ ಅಂತ ಭಯ. ಅದಕ್ಕೇ ಹೇಳಲಿಲ್ಲ.”

ಅವಳು ಮುಖ ಮುಚ್ಚಿಕೊಂಡಳು. ಬೆರಳ ಸಂದಿಯಿಂದ ಮಾತ್ರ ಅವನು ಕಾಣುತ್ತಿದ್ದ, ಚೂರು ಚೂರಾಗಿ, ನೋಡಿದಷ್ಟೂ ಸಾಲದೆ.

ನೇಮತ್ ಗೋಡೆಯ ಕಪ್ಪು ಕಲೆ ನೋಡಿದರು, ಮರದ ಪೆಟ್ಟಿಗೆ ನೋಡಿದರು. “ಮೊದಲು ಆ ಬಟ್ಟೆಗಳನ್ನ ತಿಜೋರಿಗೆ ಹಾಕು,” ಎಂದರು. ಈಗ ದನಿಯಲ್ಲಿ ನಗುವಿರಲಿಲ್ಲ. “ಇವು ನಿನ್ನವಲ್ಲ.”

“ಗೊತ್ತು,” ಎಂದಳು ಸನೋಬರ್. ಆ ಒಂದು ಮಾತು ಉಳಿದೆಲ್ಲದಕ್ಕಿಂತ ಹೆಚ್ಚು ಸುಟ್ಟಿತು. ಅವಳೂ ಯೋದ್ಗೋರನೂ ನಿಲುವಂಗಿಗಳನ್ನು ಒಂದೊಂದಾಗಿ ಎತ್ತಿಟ್ಟು, ದೀಪ ತೆಗೆದು, ಭಾರದ ಬಾಗಿಲನ್ನು ಮುಚ್ಚಿದರು.

“ಈ ಮನೇಲಿ ಚಿಲ್ಲಾ ಇದ್ದದ್ದು ಕಬ್ಬಿಣಕ್ಕೆ, ನಾನೇ ನೋಡಿದೆ ಅಂತ ಹೇಳ್ತೀನಿ,” ಎಂದರು ನೇಮತ್. “ಮಿಕ್ಕಿದ್ದಕ್ಕೆ ನಾನು ಜನರ ಬಾಯಿ ಕಟ್ಟೋಕಾಗಲ್ಲ. ಯೋದ್ಗೋರ್, ಹೆಣ್ಣು ಕೇಳೋಕೆ ಕಳಿಸೋಕೆ ನಿನಗೆ ತಾಯಿ ಇಲ್ಲ.”

“ನಾನಿಲ್ವಾ?” ಎಂದಳು ಮಸ್ತೂರಾ ತಟ್ಟನೆ. ಟೊಪ್ಪಿಗೆಗಳನ್ನು ವಾಪಸು ಒಯ್ಯುವ ಅವಮಾನ ತಪ್ಪಿಸಲು ಅವಳಿಗೆ ಒಂದು ದಾರಿ ಕಂಡಿತ್ತು.

ಹೆಣ್ಣು ಕೇಳಲು ಬಂದವರಿಗೆ ಮೊದಲ ಸಲವೇ ಒಪ್ಪಿಗೆ ಕೊಡುವುದು ಬುಖಾರಾದಲ್ಲಿ ಮರ್ಯಾದೆಯಲ್ಲ. ಮಸ್ತೂರಾ ಗುರುವಾರ ರೊಟ್ಟಿ, ಕಲ್ಲುಸಕ್ಕರೆ ಕಟ್ಟಿಕೊಂಡು ಬಂದಾಗ ಅದೋಲತ್ ಚಿಕ್ಕಮ್ಮ ಗಂಭೀರವಾಗಿ, “ನಮ್ಮ ಹುಡುಗಿ ಇನ್ನೂ ಚಿಕ್ಕವಳು,” ಎಂದಳು. ಅಡುಗೆಮನೆಯಲ್ಲಿ ಸನೋಬರ್ ಸೌಟು ಕಚ್ಚಿಕೊಂಡು ನಿಂತಿದ್ದಳು. ಮುಂದಿನ ಸಲ, “ಅವನ ಬಾಯಿ ಸ್ವಲ್ಪ ಜಾಸ್ತಿ,” ಎಂದಳು. ಅದು ನಿಜವಾದ್ದರಿಂದ ಸನೋಬರಳಿಗೆ ಇನ್ನೂ ಭಯವಾಯಿತು. ಇವರು ಇದನ್ನೇ ಹಿಡಿದುಕೊಂಡು ಮತ್ತೆ ಬರದಿದ್ದರೆ? ಕಸೂತಿ ಚೌಕಟ್ಟುಗಳು ಇನ್ನೂ ಖಾಲಿಯಿದ್ದವು. ಮೊಹಲ್ಲಾ ಕಾದು ನೋಡುತ್ತಿತ್ತು.

ಯೋದ್ಗೋರ್ ಈ ಕಡೆ ತಲೆ ಹಾಕುವಂತಿರಲಿಲ್ಲ. ಹೆಣ್ಣು ಕೇಳುವ ದಿನಗಳಲ್ಲಿ ಗಂಡಿಗೆ ಆ ಮನೆ ನಿಷಿದ್ಧ. ಆದರೂ ಮೂರನೇ ಸಲ ಹೆಂಗಸರು ಬಂದು ಕೂತಾಗ ಎದುರುಮನೆಯ ಕದದಿಂದ ಸುತ್ತಿಗೆಯ ಸದ್ದು ಕೇಳುತ್ತಿತ್ತು. ಆ ಮನೆಯವರ ಬೀಗ ಚೆನ್ನಾಗಿಯೇ ಇತ್ತು. ಹಾಗೆಂದು ಅವರೇ ಆಮೇಲೆ ಹೇಳಿದರು.

ಚಿಕ್ಕಮ್ಮ ರೊಟ್ಟಿಯನ್ನು ಎರಡು ಕೈಯಲ್ಲಿ ಹಿಡಿದುಕೊಂಡಳು. ಅದನ್ನು ಮುರಿದರೆ ಮಾತು ಮುಗಿದಂತೆ. “ಸನೋಬರ್,” ಎಂದು ಒಳಗೆ ಕೂಗಿದಳು. “ಇವರು ಕೇಳ್ತಿದ್ದಾರೆ. ನೀನೇನಂತೀಯಾ?”

ಇಲ್ಲಿ ಹುಡುಗಿ ಏನೂ ಅನ್ನಬಾರದು. ತಲೆ ತಗ್ಗಿಸಿ ಸುಮ್ಮನಿರಬೇಕು, ಸುಮ್ಮನಿದ್ದರೆ ಒಪ್ಪಿಗೆ. ಅವಳ ತಾಯಿ ಸುಮ್ಮನಿದ್ದಳು, ಚಿಕ್ಕಮ್ಮ ಸುಮ್ಮನಿದ್ದಳು, ಈ ಓಣಿಯ ಹೆಂಗಸರೆಲ್ಲ ಹೀಗೆ ಸುಮ್ಮನಿದ್ದೇ ಮದುವೆಯಾದವರು.

ಸನೋಬರ್ ಹೊಸ್ತಿಲಲ್ಲಿ ನಿಂತಳು. ಒಂದೇ ಒಂದು ಶಬ್ದದಿಂದ ಈ ಮೊಹಲ್ಲಾ ಅವಳಿಗೊಂದು ಕೂಸು ಹುಟ್ಟಿಸಿತ್ತು. ಮೌನವನ್ನು ಇವರ ಕೈಗೆ ಕೊಟ್ಟರೆ ಅದರಿಂದ ಏನೇನು ಮಾಡಿಯಾರು?

“ಒಪ್ಪಿದೀನಿ,” ಎಂದಳು.

ಹೆಂಗಸರು ಬೆಚ್ಚಿ ತಲೆಯೆತ್ತಿದರು. “ಮೆಲ್ಲಗೆ!” ಎಂದಳು ಚಿಕ್ಕಮ್ಮ, ಕೆನ್ನೆಗೆ ಕೈ ಹೊತ್ತು. ಮೆಲ್ಲಗೆ ಹೇಳಿದರೆ ಯಾರಾದರೂ ತಪ್ಪು ಕೇಳಿಸಿಕೊಂಡಾರು. ಸನೋಬರ್ ಬೀದಿಯ ಕಡೆಗೆ ತಿರುಗಿ, ಎದೆ ತುಂಬ ಗಾಳಿ ಎಳೆದುಕೊಂಡಳು.

“ಒಪ್ಪಿದೀನಿ ಅಂದೆ! ಯೋದ್ಗೋರನ್ನ ಮದುವೆ ಆಗ್ತೀನಿ!”

ಎದುರುಮನೆಯ ಸುತ್ತಿಗೆ ಒಮ್ಮೆ ತಪ್ಪು ಸದ್ದು ಮಾಡಿ ನಿಂತಿತು. ಆಮೇಲೆ, ಸ್ವಲ್ಪ ತಡೆದು, “ಅಯ್ಯಪ್ಪಾ, ಬೆರಳು!” ಎಂದು ಯಾರೋ ನಗುತ್ತಾ ಕೂಗಿದ್ದು ಓಣಿಗೆಲ್ಲ ಕೇಳಿಸಿತು.